ಬಿಟ್ಟ ಉಳಿಯನ್ನು ಮತ್ತೆ ಹಿಡಿಯಬಹುದೇ?



ಇವತ್ತಿನ ಚಿಂತನೆ: ಕೈಕಸುಬು ಯಾವಾಗ ಸಂಕೋಲೆ, ಯಾವಾಗ ಮಂಗಳ?

ಕೆಲವು ತಿಂಗಳಿಂದ ಭಾನುವಾರಗಳಲ್ಲಿ ತಿಪಟೂರಿನಿಂದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಅಚ್ಚುಚಿತ್ರ ಕಲಿಯುತ್ತಿದ್ದೇನೆ. ಹೊಟ್ಟೆಪಾಡಿಗಲ್ಲ, ಹವ್ಯಾಸಕ್ಕೆ. ಲಿನೋಲಿಯಂ ಹಾಳೆಯ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಬರೆದುಕೊಂಡು, ಬೇಡದ್ದನ್ನು ಸಣ್ಣ ಉಳಿಯಿಂದ ಕೆತ್ತಿ ತೆಗೆಯುತ್ತೇವೆ. ಉಳಿದ ಉಬ್ಬಿಗೆ ಮಸಿ ಸವರಿ, ಕಾಗದ ಹೊದಿಸಿ, ಅದರ ಬೆನ್ನು ಉಜ್ಜಿದರೆ ಚಿತ್ರ ನೆಟ್ಟಗೆ ಮೂಡುತ್ತದೆ. ಉಜ್ಜಲು ನಾನು ನುಣ್ಣಗೆ ತಿಕ್ಕಿದ ತೆಂಗಿನ ಕರಟವನ್ನೇ ಒಯ್ಯುತ್ತೇನೆ.

ನನ್ನ ಉಳಿಗಳನ್ನು ನೋಡಿ ಚಿಕ್ಕಪ್ಪ ಕೇಳಿದರು: “ನಮ್ಮಪ್ಪನ ಕೈಯಿಂದ ಉಳಿ ಬಿಡಿಸೋಕೆ ಒಂದು ತಲೆಮಾರು ಹಿಡೀತು. ನೀನು ದುಡ್ಡು ಕೊಟ್ಟು ಅದನ್ನೇ ಹಿಡಿಯೋಕೆ ಹೋಗ್ತಿದೀಯಲ್ಲಪ್ಪ?”

ನಗೆಯಾಡಿ ಬಿಡುವ ಪ್ರಶ್ನೆಯಲ್ಲ ಇದು. ನಮ್ಮ ತಾತ ಉಳಿ, ರಂಪಿಗೆ ಹಿಡಿದು ಒಕ್ಕಲು ಮನೆಗಳಿಗೆ ಮೆಟ್ಟು, ಮಿಣಿ, ಕಪಿಲೆಯ ಚರ್ಮ ಮಾಡಿಕೊಡುತ್ತಿದ್ದರು. ಪ್ರತಿಫಲ ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಪಡೆಯುವ ಆಯ. ತೊಗಲಿನ ಯಾವ ಭಾಗ ಹಿಗ್ಗುತ್ತದೆ, ಯಾವುದು ಬಿರಿಯುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಅದನ್ನು ಯಾರೂ ಕಲೆ ಎನ್ನಲಿಲ್ಲ.

ಹಾಗಾದರೆ ಕೆಟ್ಟದ್ದು ಯಾವುದು? ಉಳಿಯೇ? 1936ರಲ್ಲಿ ಪ್ರಕಟವಾದ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಇದನ್ನು ಬಿಡಿಸಿ ಹೇಳಿದ್ದಾರೆ. ಜಾತಿ ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ. ಅಲ್ಲಿ ಮನುಷ್ಯನ ಒಲವಿಗೂ ಆಯ್ಕೆಗೂ ಬೆಲೆಯಿಲ್ಲ. ತಾತನ ಉಳಿ ಕೆಟ್ಟದ್ದಾಗಿರಲಿಲ್ಲ. ಅದನ್ನು ಕೆಳಗಿಡುವ ಹಕ್ಕು ಅವರಿಗಿರಲಿಲ್ಲ.

ಬುದ್ಧ ಭಗವಾನರು ಮಂಗಳ ಸುತ್ತದಲ್ಲಿ ವಿದ್ಯೆಯ ಜೊತೆಗೇ ಶಿಲ್ಪವನ್ನೂ, ಅಂದರೆ ಕೈಕೌಶಲವನ್ನೂ, ಮಂಗಳಗಳಲ್ಲಿ ಎಣಿಸುತ್ತಾರೆ. ಯಾವ ಕುಲದವನ ಶಿಲ್ಪ ಎಂದು ಅಲ್ಲಿ ಕೇಳಿಲ್ಲ. ನಮ್ಮ ಸಮಾಜವೋ ಓದನ್ನು ಒಂದು ಕಡೆ, ಕೈಯನ್ನು ಇನ್ನೊಂದು ಕಡೆ ಕಟ್ಟಿಹಾಕಿತು.

“ಸರಿ, ಆದರೆ ಮಕ್ಕಳ ಫೀಸಿಗೇ ಪರದಾಡುವ ನಮಗೆ ಹವ್ಯಾಸ ಬೇಕೇ?” ಎಂದು ಕೇಳುವವರೂ ಇದ್ದಾರೆ. ಫೀಸು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಡುವು ಎಂಬುದು ಉಳ್ಳವರ ಸೊತ್ತಲ್ಲ. ಬಾಬಾಸಾಹೇಬರು ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ ತಂದ ತಿದ್ದುಪಡಿಯಿಂದ 1946ರಲ್ಲಿ ಕಾರ್ಖಾನೆಯ ದುಡಿಮೆಯ ವಾರ 54 ಗಂಟೆಯಿಂದ 48 ಗಂಟೆಗೆ ಇಳಿಯಿತು. ಅವರೇ ವಯಸ್ಸಾದ ಮೇಲೆ ಚಿತ್ರಕಲೆಯನ್ನೂ ಪಿಟೀಲನ್ನೂ ಕಲಿಯಲು ಕೂತರು. ಅಷ್ಟು ಹೊಣೆ ಹೊತ್ತವರು ಅದನ್ನು ಸೋಮಾರಿತನ ಅಂದುಕೊಳ್ಳಲಿಲ್ಲ.

ತರಗತಿಯಲ್ಲಿ ತಿಳಿದ ಒಂದು ಸಂಗತಿ ನನ್ನನ್ನು ಬಿಟ್ಟಿಲ್ಲ. ಇಸವಿ ನಮೂದಾಗಿರುವ, ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮುದ್ರಿತ ಪುಸ್ತಕ ನಮ್ಮದೇ ವಜ್ರಚ್ಛೇದಿಕಾ ಸೂತ್ರ. 868ರಲ್ಲಿ ಚೀನಾದಲ್ಲಿ ವಾಂಗ್ ಜಿಯೆ ಎಂಬಾತ ತಂದೆತಾಯಿಯ ಹೆಸರಿನಲ್ಲಿ, ಎಲ್ಲರಿಗೂ ಉಚಿತವಾಗಿ ಹಂಚಲು ಮಾಡಿಸಿದ್ದು. ಮರದ ಹಲಗೆಯ ಮೇಲೆ ಅಕ್ಷರಗಳನ್ನು ತಿರುಗಿಸಿ ಕೆತ್ತಿ ಅಚ್ಚೊತ್ತಿದ್ದು. ಮಾಡಿಸಿದವನ ಹೆಸರು ಕೊನೆಯಲ್ಲಿದೆ. ಕೆತ್ತಿದವನ ಹೆಸರಿಲ್ಲ.

ಅನಾತ್ಮ ಹೇಳುವ ಧಮ್ಮಕ್ಕೆ ಹೆಸರಿನ ಹಂಬಲ ಯಾಕೆ ಎನ್ನಬಹುದು. ಹೆಸರಿದ್ದವನು ಬಿಟ್ಟರೆ ಅದು ತ್ಯಾಗ. ಹೆಸರೇ ಸಿಗದವನಿಗೆ ಬಿಡು ಎಂದರೆ ಅದು ಕಳವು. ಅಚ್ಚುಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಎಡಕ್ಕೆ ಎಷ್ಟನೆಯ ಪ್ರತಿ ಎಂದೂ ಬಲಕ್ಕೆ ಹೆಸರನ್ನೂ ಬರೆಯುವುದು ರೂಢಿ. ನಾಗಪುರದ ಕಲಾವಿದ ಸವಿ ಸಾವರ್ಕರ್ ಅಸ್ಪೃಶ್ಯರ, ದೇವದಾಸಿಯರ ಬದುಕನ್ನು ಲೋಹದ ತಗಡಿನ ಅಚ್ಚುಗಳಲ್ಲಿ ತಂದು ತಮ್ಮ ಹೆಸರಿನಲ್ಲೇ ನಿಲ್ಲಿಸಿದರು. ನಾನು ಹವ್ಯಾಸಿ, ಅವರ ಸಾಲಿಗೆ ಸೇರುವವನಲ್ಲ. ಆದರೂ 3/10 ಎಂದು ಬರೆದು ಪಕ್ಕದಲ್ಲಿ ಹೆಸರು ಹಾಕುವಾಗ, ಆ ಹೆಸರಿನಲ್ಲಿ ತಾತನ ಹೆಸರೂ ಸೇರಿರುತ್ತದೆ.

ಚಿಕ್ಕಪ್ಪನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ನಾನೇ ಹಿಡಿದದ್ದು, ಬೇಡವೆನಿಸಿದ ದಿನ ಕೆಳಗಿಡುತ್ತೇನೆ, ಮಾಡಿದ್ದರ ಮೇಲೆ ನನ್ನ ಹೆಸರಿರುತ್ತದೆ. ತಾತನಿಗೆ ಈ ಮೂರೂ ಇರಲಿಲ್ಲ. ಅವರು ಒಪ್ಪಿದರೋ ಇಲ್ಲವೋ ಹೇಳಲಿಲ್ಲ.

ಈ ಮೂರು ಮಾತನ್ನು ನಮ್ಮ ಸೀಮೆಯ ದುಡಿಮೆಗೂ ಹಿಡಿದು ನೋಡಿ. ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿ, ಒಳಗೆ ಗಿಟುಕು ಗಲಗಲ ಅಂದ ಮೇಲೆ ಸುಲಿದು ಒಡೆಯುತ್ತಾರೆ. ತಿಪಟೂರಿನ ಹರಾಜಿಗೆ ಹೋಗುವ ಕೊಬ್ಬರಿ ರಾಶಿಗೆ ತೋಟದವರ ಹೆಸರಿರುತ್ತದೆ, ಸುಲಿದವರದ್ದಲ್ಲ.

ಇಂದಿನ ಅಭ್ಯಾಸ: ಇಂದು ನಿಮಗಾಗಿ ದುಡಿದ ಒಂದು ಜೊತೆ ಕೈಗಳನ್ನು ಗಮನಿಸಿ. ಆ ಕೆಲಸ ಅವರು ಆರಿಸಿಕೊಂಡದ್ದೇ? ಬಿಡಬೇಕೆಂದರೆ ಬಿಡಬಲ್ಲರೇ? ಅವರ ಹೆಸರು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿ.

ಜೈ ಭೀಮ್. ನಮೋ ಬುದ್ಧಾಯ.