ನೋಡುವವನ ಋಣ

ಮೃತರ ವಿಶ್ರಾಂತಿಸ್ಥಾನವನ್ನು ಕೇವಲ ಕುತೂಹಲದಿಂದ ಹೊಕ್ಕು ನೋಡುವುದು ಧರ್ಮವೆ? ಪ್ರಾಚೀನ ಈಜಿಪ್ಟಿನ ದೊರೆಗಳು ಬಂಡೆಯಲ್ಲಿ ಸಮಾಧಿಗಳನ್ನು ಕೊರೆಯಿಸಿದರು. ಬಾಗಿಲು ಮುಚ್ಚಿ ಮುದ್ರೆಯೊತ್ತುವುದು ಅಲ್ಲಿನ ವಿಧಿ. ಯಾರೂ ಒಳಹೊಗಬಾರದೆಂಬುದು ಅದರ ಆಶಯ. ಆದರೂ 1922ರಲ್ಲಿ ಹೊವರ್ಡ್ ಕಾರ್ಟರನು ತುತಂಖಾಮನನ ಸಮಾಧಿಯನ್ನು ತೆರೆದನು. ಇಂದು ಹಣ ತೆತ್ತವರೆಲ್ಲರೂ ಅದನ್ನು ನೋಡಬಹುದು.

ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಈ ಸಂಕೋಚಕ್ಕೆ ಎಡೆಯಿಲ್ಲವೆಂದು ತೋರಬಹುದು. 1782ರಲ್ಲಿ ತೀರಿಕೊಂಡ ತಂದೆ ಹೈದರಾಲಿಗಾಗಿ ಟಿಪ್ಪು ಸುಲ್ತಾನನು ಕಟ್ಟಿಸಿದ ಸಮಾಧಿಯಿದು. 1799ರಲ್ಲಿ ಅವನನ್ನೂ ತಂದೆತಾಯಿಗಳ ಮಗ್ಗುಲಲ್ಲಿಯೇ ಮಣ್ಣುಮಾಡಿದರು. ಬಂದವರು ಪಾದರಕ್ಷೆ ಕಳಚಿ ಒಳಹೋಗುತ್ತಾರೆ. ಆದರೆ ಕಾಲಿನ ಧೂಳನ್ನು ಹೊರಗಿಟ್ಟವನು ಮನಸ್ಸಿನ ಉದಾಸೀನವನ್ನೂ ಹೊರಗಿಟ್ಟನೆಂದು ಹೇಳುವಂತಿಲ್ಲ. ಕರಿಯ ಕಂಬಗಳ ನುಣುಪನ್ನೂ ಗೋಡೆಯ ಹುಲಿಪಟ್ಟೆಗಳನ್ನೂ ಮೆಚ್ಚಿ, ಅಲ್ಲಿ ಮಲಗಿರುವವರು ಯಾರೆಂದು ವಿಚಾರಿಸದೆಯೇ ಮರಳುವವರುಂಟು.

ಈಜಿಪ್ಟಿನವರಿಗೆ ಇನ್ನೊಂದು ನಂಬಿಕೆಯೂ ಇದ್ದಿತು: ಹೆಸರನ್ನು ನುಡಿಯುವವರು ಇರುವವರೆಗೆ ಸತ್ತವನಿಗೆ ನಾಶವಿಲ್ಲ. ಹೀಗೆ ಮೃತರ ಬಯಕೆ ಎರಡು: ಕದಡದಿರಿ, ಮರೆಯದಿರಿ. ಮೊದಲನೆಯದನ್ನು ಮೀರಿದವನು ಎರಡನೆಯದನ್ನಾದರೂ ಸಲ್ಲಿಸಬೇಕು. ಬಾಗಿಲು ತೆರೆದಿರುವಲ್ಲಿಯೂ ಈ ಕರ್ತವ್ಯ ತಪ್ಪದು. ಮಲಗಿರುವವರ ಹೆಸರನ್ನೂ ಬಾಳನ್ನೂ ಅರಿತು, ಮನೆಗೆ ಮರಳಿ ಮಕ್ಕಳಿಗೆ ಹೇಳುವವನು ಋಣವನ್ನು ತೀರಿಸಿದನು. ಅವರ ಕಲ್ಲಿನ ಮೇಲೆ ತನ್ನ ಹೆಸರನ್ನು ಗೀಚಿ ಬರುವವನು ಸಾಲದ ಮೇಲೆ ಸಾಲ ಮಾಡಿದನು.