ಅಪರಿಚಿತನಿಗೆ ವಿದ್ಯಾದಾನ

ಕಳೆದ ಚಾತುರ್ಮಾಸ್ಯದ ದಿನಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ಈ ಲೇಖನಕ್ಕೆ ನಿಮಿತ್ತವಾಯಿತು. ನಮ್ಮ ತೀರ್ಥರೂಪರು ಇಪ್ಪತ್ತೈದು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಸಿ ಇರಿಸಿದ್ದ ಮನೆತನದ ವಂಶಾವಳಿಯನ್ನು ತೆರೆದು ನೋಡಲಾಗಿ, ಕನ್ನಡ ಅಕ್ಷರಗಳಿರಬೇಕಾದೆಡೆಯಲ್ಲೆಲ್ಲ ಅರ್ಥವಿಲ್ಲದ ಚಿಹ್ನೆಗಳೇ ಕಂಡವು. ಅಂತರಜಾಲದಲ್ಲಿ ಇಂಥ ವಿಷಯಗಳನ್ನು ಬಲ್ಲವರು ಸೇರುವ ಒಂದೆಡೆಯಲ್ಲಿ ರಾತ್ರಿ ನಮ್ಮ ಸಂಕಟವನ್ನು ಬರೆದಿರಿಸಿ ಮಲಗಿದೆವು. ಪ್ರಾತಃಕಾಲ ಏಳುವಷ್ಟರಲ್ಲಿ ಉತ್ತರವು ಬಂದಿತ್ತು. ಹಿಂದಿನ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಿದ್ದವೆಂದೂ, ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿರುವುವೆಂದೂ, ಆದಕಾರಣ ಹಳೆಯದನ್ನು ಹೊಸದಕ್ಕೆ ಪರಿವರ್ತಿಸಿಕೊಳ್ಳಬೇಕೆಂದೂ, ಅದಕ್ಕೆ ಉಚಿತವಾದ ಉಪಕರಣವು ಇಂಥಲ್ಲಿ ದೊರೆಯುವುದೆಂದೂ ವಿವರವಾಗಿ ಬರೆದಿದ್ದರು. ಬರೆದವರ ಊರು ತಿಳಿಯದು. ಹೆಸರೂ ನಿಜವಾದ ಹೆಸರಲ್ಲ. ನಾವು ಅವರಿಗೆ ಕೊಟ್ಟುದು ಒಂದು ಸಾಲಿನ ಕೃತಜ್ಞತೆ ಮಾತ್ರ.

ಈ ಮಹಾನುಭಾವರು ತಮ್ಮ ನಿದ್ರೆಯ ಒಂದು ಗಳಿಗೆಯನ್ನು ನಮಗಾಗಿ ಏಕೆ ಕಳೆದರು? ಈ ಪ್ರಶ್ನೆಯು ನಮ್ಮನ್ನು ಬಹು ದಿನಗಳವರೆಗೆ ಬಿಡಲಿಲ್ಲ. ಪ್ರಯೋಜನವಿಲ್ಲದೆ ಯಾರೂ ಯಾವುದರಲ್ಲಿಯೂ ತೊಡಗರೆಂಬುದು ತಾರ್ಕಿಕರ ಸಾಮಾನ್ಯವಾದ ಒಪ್ಪಿಗೆ. ಹಾಗಿದ್ದಲ್ಲಿ ಇಲ್ಲಿನ ಪ್ರಯೋಜನವಾವುದು?

ಇದು ಒಬ್ಬಿಬ್ಬರ ವಿಚಿತ್ರ ಸ್ವಭಾವವೆಂದು ತಳ್ಳಿಹಾಕುವಂತಿಲ್ಲ. 2001ರ ಜನವರಿಯಲ್ಲಿ ಆರಂಭವಾದ ವಿಕಿಪೀಡಿಯ ಎಂಬ ವಿಶ್ವಕೋಶವನ್ನು ಬರೆದವರು ವೇತನವಿಲ್ಲದ ಸಾಮಾನ್ಯ ಜನರು. ಇಂಗ್ಲಿಷಿನಲ್ಲಿ ಇಂದು ಅದರ ಲೇಖನಗಳು 60 ಲಕ್ಷಕ್ಕೂ ಮಿಕ್ಕಿವೆ. ಕನ್ನಡದಲ್ಲಿ ಅದು 2003ರಲ್ಲಿ ಮೊದಲಾಯಿತು, ತುಳುವಿನಲ್ಲಿ 2016ರಲ್ಲಿ. ಫಿನ್ಲೆಂಡಿನ ಹೆಲ್ಸಿಂಕಿ ನಗರದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಎಂಬವನು 1991ರಲ್ಲಿ ಬರಿಯ ಹವ್ಯಾಸಕ್ಕೆಂದು ರಚಿಸಿ ಸರ್ವರಿಗೂ ತೆರೆದಿಟ್ಟ ಲಿನಕ್ಸ್ ಎಂಬ ತಂತ್ರಾಂಶವು ಸಹಸ್ರಾರು ಜನರ ಕೈಯಲ್ಲಿ ಬೆಳೆದು, ಇಂದು ನಮ್ಮಲ್ಲಿ ಅನೇಕರ ಕಿಸೆಯಲ್ಲಿರುವ ದೂರವಾಣಿಯ ಒಳಗೂ ಕೆಲಸ ಮಾಡುತ್ತಿದೆ. ನಮ್ಮ ನಾಡಿನವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವು ಸರ್ವರಿಗೂ ಮುಕ್ತವಾಗಿ ದೊರೆತುದರಿಂದಲೇ ಇಂದು ಅಸಂಖ್ಯ ಜನರು ಗಣಕದಲ್ಲಿ ಸುಲಭವಾಗಿ ಕನ್ನಡವನ್ನು ಬರೆಯುತ್ತಿದ್ದಾರೆ.

ಅಂತರಜಾಲವು ಹುಟ್ಟುವ ಮೊದಲೂ ಈ ಪ್ರವೃತ್ತಿಯು ಇದ್ದಿತು. ಆಕ್ಸ್‌ಫರ್ಡಿನ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರೆ ಎಂಬವರು 1879ರಲ್ಲಿ, ಓದುವಾಗ ಕಂಡ ಶಬ್ದಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸಿರೆಂದು ಸಾರ್ವಜನಿಕರಲ್ಲಿ ವಿಜ್ಞಾಪಿಸಿಕೊಂಡರು. ಸಹಸ್ರಾರು ಚೀಟಿಗಳನ್ನು ಕಳುಹಿಸಿದ ಡಬ್ಲ್ಯು. ಸಿ. ಮೈನರ್ ಎಂಬ ವೈದ್ಯನು ಚಿತ್ತಭ್ರಮೆಯಲ್ಲಿ ಒಂದು ಕೊಲೆಯನ್ನು ಮಾಡಿ, ಬ್ರಾಡ್‌ಮೂರ್ ಎಂಬ ಮನೋರೋಗಿಗಳ ಬಂಧನಗೃಹದಲ್ಲಿದ್ದವನು. ಲೋಕವು ಯಾವನಿಂದ ಸರ್ವವನ್ನೂ ಕಸಿದುಕೊಂಡಿತ್ತೋ ಅವನೂ ತಾನರಿತುದನ್ನು ಲೋಕಕ್ಕೆ ಕೊಡಬೇಕೆಂದು ಬಯಸಿದನು. ಈ ದೃಷ್ಟಾಂತವು ಅತ್ಯಂತ ಮನನೀಯ.

ಇನ್ನು ಪೂರ್ವಪಕ್ಷವನ್ನು ಪರಿಶೀಲಿಸೋಣ. ಕೀರ್ತಿಗಾಗಿ ಕೊಡುತ್ತಾರೆಂದು ಕೆಲವರೆನ್ನುವರು. ಕೆಲವರ ವಿಷಯದಲ್ಲಿ ಇದು ನಿಜವಿರಬಹುದು. ಆದರೆ ಹೆಸರನ್ನೇ ಮರೆಸಿಕೊಂಡು ಬರೆಯುವವನಿಗೆ ಕೀರ್ತಿ ಎಲ್ಲಿಯದು? ಮುಂದೆ ತಮಗೂ ಸಹಾಯ ದೊರೆಯಲೆಂದು ಕೊಡುತ್ತಾರೆ ಎಂಬುದು ಎರಡನೆಯ ಪಕ್ಷ. ಕೊಡದವನಿಗೂ ಬಾಗಿಲು ತೆರೆದೇ ಇರುವಾಗ ಈ ಲೆಕ್ಕಾಚಾರವು ನಿಲ್ಲಲಾರದು. ವಿದ್ಯೆಯು ಕೊಟ್ಟರೆ ಕಡಿಮೆಯಾಗದು, ಆದುದರಿಂದ ಕೊಡಲು ಕಷ್ಟವೇನು? ಎಂಬುದು ಮೂರನೆಯದು. ವಿದ್ಯೆಯು ಕಡಿಮೆಯಾಗದು, ದಿಟ. ಆದರೆ ಹೇಳಿಕೊಡುವವನ ಕಾಲವೂ ತಾಳ್ಮೆಯೂ ಕಡಿಮೆಯಾಗುವುವಲ್ಲವೇ? ನಷ್ಟವಿಲ್ಲವೆಂಬ ಮಾತು ಕೊಡಲು ಅಡ್ಡಿಯಿಲ್ಲವೆಂಬುದನ್ನಷ್ಟೇ ತೋರಿಸುವುದು. ಏಕೆ ಕೊಡುತ್ತಾರೆಂಬುದನ್ನು ತೋರಿಸದು.

ನಮಗೆ ತೋರುವ ಸಮಾಧಾನವಿಷ್ಟು. ಮನುಷ್ಯನು ಋಣಗಳೊಡನೆಯೇ ಹುಟ್ಟುವನೆಂದೂ, ಅವುಗಳಲ್ಲಿ ಋಷಿಋಣವು ಅಧ್ಯಯನದಿಂದ ತೀರುವುದೆಂದೂ ನಮ್ಮ ಹಿರಿಯರು ಒಪ್ಪಿದ್ದಾರೆ. ವಿದ್ಯೆಯ ಸಾಲದಲ್ಲಿ ಒಂದು ವಿಶೇಷವುಂಟು. ಹಣದ ಸಾಲವನ್ನು ಕೊಟ್ಟವನಿಗೇ ಹಿಂದಿರುಗಿಸಬಹುದು. ಅಕ್ಷರವನ್ನು ಕಲಿಸಿದ ಉಪಾಧ್ಯಾಯರಿಗೆ ಅಕ್ಷರವನ್ನು ಹಿಂದಿರುಗಿಸುವುದೆಂತು? ಅವರಿಗೆ ಅದರ ಅಗತ್ಯವಿಲ್ಲ; ಅನೇಕ ವೇಳೆ ಅವರೇ ಇಲ್ಲ. ಆದುದರಿಂದ ಆ ಋಣವು ಮುಂದಕ್ಕೆ ಹರಿದೇ ತೀರಬೇಕು. ನಾವು ತೀರಿಸಲಾರದವರ ಸ್ಥಾನದಲ್ಲಿ ಈ ಅಪರಿಚಿತನು ಬಂದು ನಿಲ್ಲುತ್ತಾನೆ. ಹೆಲ್ಸಿಂಕಿಯವನು ಋಷಿಋಣವೆಂಬ ಹೆಸರನ್ನು ಕೇಳಿರಲಾರನು. ಹೆಸರು ತಿಳಿಯದಿದ್ದರೂ ಭಾವವು ಇರಬಹುದು. ಇಂಥವರನ್ನು ಕೇಳಿದರೆ, ತಾವು ಏನೂ ಅರಿಯದಿದ್ದಾಗ ಯಾರೋ ಹೇಳಿಕೊಟ್ಟಿದ್ದರು ಎಂಬ ಉತ್ತರವೇ ಮತ್ತೆ ಮತ್ತೆ ದೊರೆಯುವುದು.

ಇಲ್ಲೊಂದು ಶಂಕೆ. ಯೋಗ್ಯತೆಯನ್ನು ಪರೀಕ್ಷಿಸಿ ಉಪದೇಶಿಸುವುದು ನಮ್ಮ ಸಂಪ್ರದಾಯ. ಗುರುತಿಲ್ಲದವನಿಗೆ ಕೊಡುವುದು ಯುಕ್ತವೇ? ಶಾಸ್ತ್ರೋಪದೇಶದ ಮಾತು ಬೇರೆ. ಅದರ ನಿಯಮಗಳನ್ನು ಸಡಿಲಿಸುವುದು ನಮ್ಮ ಉದ್ದೇಶವಲ್ಲ. ಲೌಕಿಕ ವಿದ್ಯೆಯಲ್ಲಿಯೂ ಪರೀಕ್ಷೆಯು ಇಲ್ಲದಿಲ್ಲ. ತಾನೇನು ಯತ್ನಿಸಿದೆ, ಎಲ್ಲಿ ತಡೆದುನಿಂತೆ ಎಂದು ತಿಳಿಸದೆ ಕೇಳುವವನನ್ನು ಬಲ್ಲವರು ಎಲ್ಲೆಡೆಯೂ ಹಿಂದಕ್ಕೆ ಕಳುಹಿಸುವರು. ಪ್ರಶ್ನೆಯ ರೀತಿಯೇ ಜಿಜ್ಞಾಸುವಿನ ಗುರುತು.

ಕೊಡುವವನ ಹೊಣೆಯಂತೂ ಇನ್ನೂ ದೊಡ್ಡದು. ಭಾಗವತದ ದಶಮಸ್ಕಂಧದಲ್ಲಿ ಬರುವ ನೃಗಮಹಾರಾಜನ ಕಥೆಯು ವಾಚಕರಿಗೆ ಪರಿಚಿತವೇ. ಅಸಂಖ್ಯ ಗೋವುಗಳನ್ನು ದಾನಮಾಡಿದ ಆ ರಾಜನು, ಒಬ್ಬ ಬ್ರಾಹ್ಮಣನಿಗೆ ಸೇರಿದ್ದ ಗೋವು ತನ್ನ ಹಿಂಡಿನಲ್ಲಿ ಬೆರೆತುದನ್ನು ಅರಿಯದೆ ಮತ್ತೊಬ್ಬನಿಗೆ ಕೊಟ್ಟು, ಓತಿಯಾಗಿ ಬಾವಿಯಲ್ಲಿ ಬಿದ್ದಿದ್ದನು. ಕೊನೆಗೆ ಶ್ರೀಕೃಷ್ಣನ ಸ್ಪರ್ಶದಿಂದ ಬಿಡುಗಡೆ ಹೊಂದಿದನು. ದಾನಬುದ್ಧಿಯೊಂದೇ ಸಾಲದು, ಕೊಡುವ ವಸ್ತು ಎಂಥದೆಂಬ ಎಚ್ಚರವೂ ಬೇಕು. ತಾನು ಪರಿಶೀಲಿಸದ ಔಷಧವನ್ನೋ ವಾರ್ತೆಯನ್ನೋ ನೂರು ಜನರಿಗೆ ಹಂಚುವವನು ಉದಾರಿಯಂತೆ ತೋರಿದರೂ ವಿದ್ಯಾದಾನಿಯಲ್ಲ.

ಇತ್ತೀಚೆಗೆ ಕೊಡುವವರ ಮನಸ್ಸನ್ನು ಕಲಕಿದ ಸಂಗತಿಯೊಂದುಂಟು. ಜನರು ಉಚಿತವಾಗಿ ಬರೆದಿರಿಸಿದ ಅಪಾರವಾದ ಬರಹವನ್ನು ಉಣಿಸಿ, ಕೇಳಿದುದಕ್ಕೆ ಉತ್ತರಿಸುವ ಯಂತ್ರಗಳನ್ನು ವಾಣಿಜ್ಯ ಸಂಸ್ಥೆಗಳು ನಿರ್ಮಿಸಿವೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿಯು ಬಂದಂದಿನಿಂದ ಇವು ಮನೆಮಾತಾದುವು. ತಂತ್ರಾಂಶ ರಚಿಸುವವರು ಪರಸ್ಪರ ಪ್ರಶ್ನೋತ್ತರ ನಡೆಸುವ ಸ್ಟ್ಯಾಕ್ ಓವರ್‌ಫ್ಲೋ ಎಂಬ ತಾಣವು 2024ರಲ್ಲಿ ಅಂಥ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಾಗ, ನೊಂದ ಕೆಲವರು ತಾವು ಹಿಂದೆ ಕೊಟ್ಟಿದ್ದ ಉತ್ತರಗಳನ್ನೇ ಅಳಿಸಹೊರಟರು. ನಾವು ಧರ್ಮಕ್ಕೆ ಕಟ್ಟಿಸಿದ ಕೆರೆಯ ನೀರನ್ನು ಮತ್ತೊಬ್ಬನು ಕೊಡಕ್ಕಿಷ್ಟೆಂದು ಮಾರಿದರೆ ನೋವಾಗದೇ? ಆ ನೋವು ನ್ಯಾಯವಾದುದೇ. ಆದರೂ ಕೊಟ್ಟುದನ್ನು ಹಿಂದೆಗೆದುಕೊಳ್ಳುವುದನ್ನು ದತ್ತಾಪಹಾರವೆಂದು ನಮ್ಮವರು ದೋಷಗಳಲ್ಲಿ ಎಣಿಸಿದ್ದಾರೆ. ಮಾರುವವನ ಮೇಲಿನ ಕೋಪದಿಂದ ಕೆರೆಯನ್ನು ಮುಚ್ಚಿದರೆ ಬಾಯಾರಿ ಹೋಗುವವನು ದಾರಿಹೋಕನು. ಯಾರಿಂದ ಬಂದುದೆಂಬುದನ್ನು ಹೇಳಿರಿ ಎಂದು ಕೇಳುವುದು ಮಾತ್ರ ಲೋಭವಲ್ಲ. ಪಾಠಕ್ಕೆ ಮೊದಲು ಗುರುಪರಂಪರೆಯನ್ನು ಸ್ಮರಿಸುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಮೂಲವನ್ನು ಮರೆಸುವುದು ಕೃತಘ್ನತೆ. ಯಂತ್ರವು ಮರೆಸಿದರೂ, ಮನುಷ್ಯನು ಮರೆಸಿದರೂ ಅಷ್ಟೇ.

ಇಷ್ಟನ್ನು ಬರೆದ ಮೇಲೆ ನಮ್ಮದೇ ತಪ್ಪೊಂದನ್ನು ಹೇಳದೆ ಮುಗಿಸುವುದು ಸರಿಯಲ್ಲ. ನಮ್ಮ ಸಂಪ್ರದಾಯದ ಅನೇಕ ತಾಡವಾಲೆಗಳು ತುಳುಲಿಪಿಯಲ್ಲಿರುವುದು ಸುವಿದಿತ. ಆ ಲಿಪಿಯು 2024ರಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯನ್ನು ಸೇರಿತು. ಅದನ್ನು ಸರಾಗವಾಗಿ ಓದಬಲ್ಲವರು ಮಾತ್ರ ವಿರಳ. ಬಾಲ್ಯದಲ್ಲಿ ಅಜ್ಜನವರು ಕೂರಿಸಿಕೊಂಡು ಕಲಿಸಿದುದರಿಂದ ನಮಗೆ ಅದು ಅಷ್ಟಿಷ್ಟು ಬರುತ್ತದೆ. ಅದೇ ಚಾತುರ್ಮಾಸ್ಯದಲ್ಲಿ ಅಪರಿಚಿತ ತರುಣನೊಬ್ಬನು ತನ್ನ ಮನೆಯಲ್ಲಿ ದೊರೆತ ಓಲೆಯೊಂದರ ಚಿತ್ರವನ್ನು ಅಂತರಜಾಲದಲ್ಲಿ ಇರಿಸಿ, ತಾನು ಓದಬಲ್ಲಷ್ಟನ್ನು ಬರೆದು, ಉಳಿದುದನ್ನು ಯಾರಾದರೂ ಓದಿಕೊಡಬೇಕೆಂದು ಪ್ರಾರ್ಥಿಸಿದ್ದನು. ನಾವು ಕಂಡೂ ಸುಮ್ಮನಿದ್ದೆವು. ಇವನಾರೋ, ನಮಗೇಕೆ ಎಂಬ ಆಲಸ್ಯವು ಒಂದು ಕಡೆ. ತಪ್ಪಾಗಿ ಓದಿ ನಗೆಗೀಡಾದೇವೆಂಬ ಅಭಿಮಾನವು ಇನ್ನೊಂದು ಕಡೆ. ಹೀಗೆ ಮೂರು ದಿನಗಳು ಕಳೆದುವು. ನಾಲ್ಕನೆಯ ದಿನ ನಮ್ಮ ವಂಶಾವಳಿಯು ಸ್ಪಷ್ಟವಾದ ಅಕ್ಷರಗಳಲ್ಲಿ ಕಣ್ಣಮುಂದೆ ಮೂಡಿದಾಗ, ಅದರಲ್ಲಿ ಅಜ್ಜನವರ ಹೆಸರನ್ನು ಓದಿ ಲಜ್ಜೆಯಾಯಿತು. ಅವರು ನಮ್ಮಿಂದ ಏನನ್ನೂ ಕೇಳಿರಲಿಲ್ಲ. ಆ ರಾತ್ರಿಯ ಅಪರಿಚಿತರೂ ಕೇಳಿರಲಿಲ್ಲ. ನಾವು ಸುಮ್ಮನಿದ್ದರೆ ಅಜ್ಜನ ವಿದ್ಯೆಯು ನಮ್ಮೊಡನೆಯೇ ಮುಗಿಯುವುದಲ್ಲವೇ?

ಸಂಧ್ಯಾವಂದನೆಯನ್ನು ಮುಗಿಸಿ ಕುಳಿತು ಓಲೆಯನ್ನು ಓದಿ, ಸಂದೇಹವಿದ್ದ ಎರಡೆಡೆಗಳನ್ನು ಸಂದೇಹವೆಂದೇ ಗುರುತಿಸಿ, ಬರೆದು ಕಳುಹಿಸಿದೆವು. ಮರುದಿನ ಆ ತರುಣನ ಉತ್ತರವು ಬಂದಿತು. ವಂದಿಸಿದ್ದನು, ಜೊತೆಗೆ, ನಾವು ಸಂದೇಹವೆಂದಿದ್ದ ಒಂದು ಸಂಯುಕ್ತಾಕ್ಷರವು ಅದೇ ಓಲೆಯ ಕೆಳಗಿನ ಸಾಲಿನಲ್ಲಿ ಸ್ಪಷ್ಟವಾಗಿರುವುದನ್ನು ವಿನಯದಿಂದ ತೋರಿಸಿಕೊಟ್ಟಿದ್ದನು. ಅರುವತ್ತು ವರ್ಷಗಳ ಹಿಂದೆ ಅಜ್ಜನವರಲ್ಲಿ ಅಪೂರ್ಣವಾಗಿ ಉಳಿದಿದ್ದ ನಮ್ಮ ಪಾಠವು ಹೀಗೆ ಒಂದಕ್ಷರದಷ್ಟು ಮುಂದುವರಿಯಿತು. ಕೊಡಹೋದ ನಾವೇ ಪಡೆದವರಾದೆವು.

ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಪ್ರತಿಯೊಬ್ಬರಲ್ಲಿಯೂ ಹಿರಿಯರಿಂದ ಬಂದ ಏನಾದರೊಂದು ಅರಿವು ಇದ್ದೇ ಇರುತ್ತದೆ. ಯೋಗ್ಯವಾಗಿ ಕೇಳುವವನು ಬಂದಾಗ, ಇವನು ನಮ್ಮವನೇ ಎಂದು ವಿಚಾರಿಸುವ ಮೊದಲು, ನಮಗೆ ಕಲಿಸಿದವರನ್ನು ಒಮ್ಮೆ ಸ್ಮರಿಸೋಣ. ಆಗ ಕೊಡುವ ಕೈ ತಾನಾಗಿಯೇ ಮುಂದೆ ಬಂದೀತು.

ಶ್ರೀಕೃಷ್ಣಾರ್ಪಣಮಸ್ತು.