ಅನುಮಾನ ಪಟ್ಟರೆ ಪಾಪವೇ?

ಅರವತ್ತುಮೂವರು ಶಿವಭಕ್ತ ಪುರಾತನರ ಕಥೆಗಳಲ್ಲಿ ಅರಸ ಮೆಯ್ಪೊರುಳ್ ನಾಯನಾರರದು ನನ್ನನ್ನು ಕಾಡಿದಷ್ಟು ಬೇರಾವುದೂ ಕಾಡಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೇಕ್ಕಿಳಾರರು ತಮಿಳಿನ ಪೆರಿಯ ಪುರಾಣದಲ್ಲಿ ಬರೆದಿಟ್ಟ ಕಥೆ ಅದು. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯಲ್ಲಿ ಸಾಲಾಗಿರುವ ಅರವತ್ತುಮೂವರ ಶಿಲಾಮೂರ್ತಿಗಳಿಗೆ ಕೈಮುಗಿದವರು ಈ ಅರಸನಿಗೂ ಕೈಮುಗಿದಿರುತ್ತಾರೆ. ವಿಭೂತಿ, ಜಟೆ ಕಂಡರೆ ಸಾಕು, ಶಿವನೇ ಬಂದನೆಂದು ತಲೆಬಾಗುವವನು ಆತ. ಯುದ್ಧದಲ್ಲಿ ಸೋತು ಸೋತು ಬೇಸತ್ತ ವೈರಿ ಮುತ್ತನಾಥ, ಮೈತುಂಬ ವಿಭೂತಿ ಬಳಿದು, ಓಲೆಗರಿಯ ಕಟ್ಟಿನೊಳಗೆ ಕಠಾರಿ ಅಡಗಿಸಿಕೊಂಡು ಅರಮನೆಗೆ ಬಂದ. ಅರಸರು ಮಲಗಿದ್ದಾರೆ, ಇದು ಹೊತ್ತಲ್ಲ ಎಂದು ಬಾಗಿಲು ಕಾಯುತ್ತಿದ್ದ ದತ್ತ ತಡೆದ. ಮುತ್ತನಾಥ ಕೇಳಲಿಲ್ಲ. ಎಲ್ಲೂ ಸಿಗದ ಆಗಮ ತಂದಿದ್ದೇನೆ, ಅರಸನೊಬ್ಬನಿಗೇ ಹೇಳಬೇಕು, ರಾಣಿಯೂ ಇರಕೂಡದು ಎಂದ. ಅರಸ ನಮಸ್ಕರಿಸಲು ಬಾಗಿದಾಗ ಇರಿದುಬಿಟ್ಟ. ಕತ್ತಿ ಹಿರಿದು ಓಡಿಬಂದ ದತ್ತನಿಗೆ ಅರಸ ಹೇಳಿದ್ದು, ಇವನು ನಮ್ಮವನು, ಯಾರೂ ಕೈಮಾಡದಂತೆ ಊರಾಚೆ ಬಿಟ್ಟು ಬಾ ಎಂದು.

ಇಂಥ ಶ್ರದ್ಧೆಯ ಮುಂದೆ ನಾನು ಸಣ್ಣವನು. ಆದರೆ ಆ ಬಾಗಿಲಲ್ಲಿ ನಿಂತಿದ್ದ ದತ್ತನ ಅನುಮಾನವೂ ಶ್ರದ್ಧೆಯೇ ಅಲ್ಲವೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ತಂಬ್ರಹಳ್ಳಿಯಲ್ಲೇ ಉಳಿದ ನನಗೆ, ಊರಿನವರ ಫೋನಿಗೆ ಬಂದದ್ದನ್ನು ಓದಿ ಹೇಳುವ ಕೆಲಸ ತಾನಾಗಿಯೇ ಒದಗಿದೆ. ಹೆಣ್ಣುಮಕ್ಕಳ ಸಂಘವೊಂದರ ಪ್ರತಿನಿಧಿಯಾದ ತಾಯಿಯೊಬ್ಬರು ಒಂದು ಸಂಜೆ ಫೋನು ಹಿಡಿದುಕೊಂಡು ಬಂದರು. ಬ್ಯಾಂಕಿನ ಹೆಸರಿನಲ್ಲಿ ಇಮೇಲ್. ಮೇಲೆ ಬ್ಯಾಂಕಿನದೇ ಲಾಂಛನ, ಅದೇ ಬಣ್ಣ. ಬ್ಯಾಂಕು ವಿಲೀನವಾಗಿದೆ, ಇಂದು ರಾತ್ರಿಯೊಳಗೆ ಕೆವೈಸಿ ಹೊಸದಾಗಿ ಮಾಡದಿದ್ದರೆ ಖಾತೆ ಬಂದ್ ಆಗುತ್ತದೆ, ಕೆಳಗಿನ ನೀಲಿ ಅಕ್ಷರ ಒತ್ತಿ ಎಂದಿತ್ತು. ಒತ್ತಬೇಡಿ ಎಂದೆ. ಅವರು ಕೇಳಿದರು: “ಬ್ಯಾಂಕ್ನೋರೇ ಕಳ್ಸ್ಯಾರ್ರಿ ಮೇಷ್ಟ್ರೇ. ಇಷ್ಟ್ ವರ್ಷ ನಂಬಿದೋರ್ನ ಈಗ ಅನುಮಾನ ಪಟ್ರೆ ಪಾಪ ಬರಲ್ಲೇನ್ರಿ?”

ಅವರು ನಂಬಿದ್ದರಲ್ಲಿ ತಪ್ಪಿಲ್ಲ. ಬ್ಯಾಂಕುಗಳ ಹೆಸರು ನಮ್ಮ ಕಣ್ಣೆದುರೇ ಬದಲಾಗುತ್ತ ಬಂದಿದೆ. 1976ರಲ್ಲಿ ಬಳ್ಳಾರಿಯಲ್ಲಿ ಶುರುವಾದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಆಯಿತು, 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಸೇರಿತು. ಮೈಸೂರು ಬ್ಯಾಂಕು, ವಿಜಯಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳೂ ಹೀಗೆಯೇ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಹೊಸ ಹೆಸರು, ಹೊಸ ಪಾಸ್‌ಬುಕ್ಕು, ಹೊಸ ಐಎಫ್‌ಎಸ್‌ಸಿ ಎಂದರೆ ಜನ ತಲೆದೂಗುತ್ತಾರೆ. ಮೋಸಗಾರ ಕಾಯುವುದು ಇಂಥ ಗೊಂದಲದ ಹೊತ್ತನ್ನೇ.

ಅವರೆದುರೇ ಆ ಮೇಲನ್ನು ಬಿಡಿಸಿ ನೋಡಿದೆವು. ಕಳಿಸಿದವರ ಹೆಸರಿನ ಮೇಲೆ ಬೆರಳಿಟ್ಟಾಗ ಅದರಡಿ ಬ್ಯಾಂಕಿಗೆ ಸಂಬಂಧವೇ ಇಲ್ಲದ ವಿಳಾಸ ತೆರೆದುಕೊಂಡಿತು. ನೀಲಿ ಅಕ್ಷರವನ್ನು ಒತ್ತಿ ಹಿಡಿದಾಗ ಅದು ಕರೆದೊಯ್ಯುವ ಜಾಗ ಕಂಡಿತು: ಮೊದಲಲ್ಲಿ ಬ್ಯಾಂಕಿನ ಹೆಸರು, ಆಮೇಲೆ ಚುಕ್ಕಿ, ಆಮೇಲೆ ಇನ್ನಾರದೋ ಹೆಸರು. ಜಾಲತಾಣದ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆ ಎಲ್ಲಿದೆಯೋ ಅದರ ಎಡಕ್ಕೆ ತಾಗಿದ ಹೆಸರೇ ಮನೆಯ ಯಜಮಾನ. ಆ ಹೆಸರಿಗೂ ಮೊದಲು ಏನು ಅಂಟಿಸಿದ್ದರೂ ಅಲಂಕಾರ. ಇಮೇಲ್ ಕಳಿಸಿದವರ ವಿಳಾಸ ಸರಿಯಾಗಿ ಕಂಡರೂ ಅಷ್ಟಕ್ಕೇ ಒಪ್ಪುವಂತಿಲ್ಲ. ಇಮೇಲ್ ಸಾಗಿಸುವ ನಿಯಮ 1982ರಲ್ಲಿ ರೂಪುಗೊಂಡಾಗ ಕಳಿಸುವವರು ಯಾರೆಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಅಂಚೆ ಕವರಿನ ಮೇಲೆ ‘ಇಂದ’ ಎಂದು ಯಾರ ಹೆಸರನ್ನಾದರೂ ಬರೆಯಬಹುದಲ್ಲ, ಹಾಗೆ. ಪರೀಕ್ಷೆಯ ಪದ್ಧತಿಗಳು ಆಮೇಲೆ ಬಂದವು, ಅವೂ ಎಲ್ಲ ಕಡೆ ಒಂದೇ ಸಮ ಬಿಗಿಯಾಗಿಲ್ಲ.

ಯಾರ ಮಾತನ್ನು ನಂಬಬೇಕು ಎಂಬ ಪ್ರಶ್ನೆಯನ್ನು ನಮ್ಮ ನ್ಯಾಯಶಾಸ್ತ್ರದವರು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಇನ್ನೊಬ್ಬರ ಮಾತಿನಿಂದ ಬರುವ ತಿಳಿವನ್ನು ಅವರು ತಳ್ಳಿಹಾಕಲಿಲ್ಲ; ಆಪ್ತನ ಮಾತು ಪ್ರಮಾಣ ಎಂದರು. ಆಪ್ತನೆಂದರೆ ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲದ್ದನ್ನು ಬಲ್ಲಂತೆ ತಿಳಿಸಬೇಕೆಂಬ ಮನಸ್ಸುಳ್ಳವನು. ಈ ಲಕ್ಷಣ ಋಷಿಗೂ ಒಂದೇ, ಆರ್ಯನಿಗೂ ಒಂದೇ, ಮ್ಲೇಚ್ಛನಿಗೂ ಒಂದೇ ಎಂದು ಭಾಷ್ಯಕಾರ ವಾತ್ಸ್ಯಾಯನ ಬರೆದ. ಎಂಥ ದಿಟ್ಟ ಮಾತು! ಕುಲ, ವೇಷ, ಬಿರುದು ಯಾವುದೂ ಲೆಕ್ಕಕ್ಕಿಲ್ಲ. ಆ ಇಮೇಲಿಗೆ ಈ ಅಳತೆಗೋಲು ಹಿಡಿದು ನೋಡಿ. ‘ನಾನು ಬ್ಯಾಂಕು’ ಎನ್ನುವುದಕ್ಕೆ ಅಲ್ಲಿರುವ ಸಾಕ್ಷಿ ಆ ಇಮೇಲೇ. ತನ್ನ ಆಪ್ತತನಕ್ಕೆ ತಾನೇ ಸಾಕ್ಷಿ ಹೇಳಿಕೊಳ್ಳುವ ಮಾತು ಪ್ರಮಾಣವಾಗದು. ಸಾಕ್ಷಿ ಹೊರಗಿನಿಂದಲೇ ಬರಬೇಕು.

ನಮ್ಮ ಸೀಮೆಯ ಜನಕ್ಕೆ ಇದು ಹೊಸದೇನಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ಕಾರಣಿಕವೆಂಬ ಭವಿಷ್ಯವಾಣಿ ನುಡಿಯುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ, ವರ್ಷವಿಡೀ ಆ ಒಂದು ಸಾಲನ್ನು ಮಳೆಗೆ ಬೆಳೆಗೆ ಹೊಂದಿಸಿ ನೋಡುತ್ತಾರೆ. ಆ ನಂಬಿಕೆಗೆ ಗೊತ್ತಾದ ಜಾಗವಿದೆ, ಗೊತ್ತಾದ ದಿನವಿದೆ, ಬಯಲಿನಲ್ಲಿ ಎಲ್ಲರೆದುರು ಕೇಳುವ ಕಟ್ಟಳೆಯಿದೆ. ಯಾರೋ ಅಪರಾತ್ರಿ ಬಾಗಿಲು ಬಡಿದು, ನಿಮಗೊಬ್ಬರಿಗೇ ಕಾರಣಿಕ ತಂದಿದ್ದೇನೆ, ಬೇಗ ಕಾಣಿಕೆ ಕೊಡಿ ಎಂದರೆ ಮೈಲಾರಲಿಂಗನ ಯಾವ ಭಕ್ತನೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಅವನ ಭಕ್ತಿ ಕುಂದುವುದೂ ಇಲ್ಲ. ಕಾರಣಿಕ ಬೇಕಾದವರು ಬಂಡಿ ಕಟ್ಟಿಕೊಂಡು ಮೈಲಾರಕ್ಕೆ ಹೋಗುತ್ತಾರೆ. ನಂಬಿದ ಜಾಗಕ್ಕೆ ನಾವೇ ನಡೆದು ಹೋಗುವುದು ನಂಬಿಕೆಯ ನಿಜವಾದ ನಡೆ ಎಂದು ನಾನು ತಿಳಿದಿದ್ದೇನೆ.

ಬ್ಯಾಂಕಿಗೂ ಇದೇ ನಡೆ. ಇಮೇಲನ್ನು ಅಲ್ಲಿಗೇ ಬಿಡಿ. ಪಾಸ್‌ಬುಕ್ಕಿನಲ್ಲಿ ಅಚ್ಚಾದ ನಂಬರಿಗೆ ಫೋನು ಮಾಡಿ, ಇಲ್ಲವೇ ಶಾಖೆಗೆ ಹೋಗಿ. ಜಾಲತಾಣವೇ ಬೇಕಿದ್ದರೆ ವಿಳಾಸವನ್ನು ನೀವೇ ಟೈಪ್ ಮಾಡಿ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣದ ವಿಳಾಸವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು ಅದೇ ವರ್ಷದ ಏಪ್ರಿಲ್‌ನಲ್ಲಿ ಆದೇಶಿಸಿದ್ದು ಇಂಥ ಮೋಸವನ್ನು ತಡೆಯಲೆಂದೇ. ಓಟಿಪಿ, ಪಿನ್, ಪಾಸ್‌ವರ್ಡ್ ಯಾರು ಕೇಳಿದರೂ ಕೊಡುವುದಲ್ಲ.

ಇನ್ನು ಆ ತಾಯಿಯ ಪಾಪದ ಪ್ರಶ್ನೆ. ಮೆಯ್ಪೊರುಳ್ ಅರಸ ಕೊಟ್ಟದ್ದು ತನ್ನ ಪ್ರಾಣವನ್ನು. ಅದು ಅವನದು, ಕೊಡುವ ಹಕ್ಕು ಅವನಿಗಿತ್ತು. ಸಂಘದ ಖಾತೆಯಲ್ಲಿರುವುದು ವಾರವಾರವೂ ಕೂಲಿಯಲ್ಲಿ ಉಳಿಸಿ ಹತ್ತಾರು ಹೆಣ್ಣುಮಕ್ಕಳು ಕಟ್ಟಿದ ಹಣ. ಅದನ್ನು ಕಾಯುವವರಿಗೆ ಅರಸನ ಔದಾರ್ಯ ಸಲ್ಲದು, ದತ್ತನ ಎಚ್ಚರವೇ ಧರ್ಮ. ಪರರ ವಸ್ತುವನ್ನು ಕೈಯಲ್ಲಿಟ್ಟುಕೊಂಡವರು ಅನುಮಾನಿಸದೆ ಬಾಗಿಲು ತೆರೆದರೆ ಅದೇ ದೋಷ. ವಿಚಾರಿಸಿದರೆ ನಿಜವಾದ ಬ್ಯಾಂಕಿಗೆ ಅವಮಾನವಾಗುವುದಿಲ್ಲ; ಅದರ ಹೆಸರನ್ನು ಕದ್ದವನಿಂದ ಅದನ್ನೂ ಉಳಿಸಿದಂತಾಗುತ್ತದೆ.

ಮೋಸ ಹೋದವರನ್ನು ಊರು ದಡ್ಡರೆಂದು ಆಡಿಕೊಳ್ಳುವುದು ನನಗೆ ತುಂಬ ನೋವು ಕೊಡುತ್ತದೆ. ಕಾನೂನು ತಪ್ಪಿತಸ್ಥನೆನ್ನುವುದು ವೇಷ ಹಾಕಿದವನನ್ನು: ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ ಅವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ನಾಚಿಕೆಯಿಂದ ಮುಚ್ಚಿಟ್ಟರೆ ಗೆಲ್ಲುವವನು ಅವನೇ. ಗುಟ್ಟಿನ ಅಂಕೆ ಕೈಬಿಟ್ಟಿತೆಂದು ತಿಳಿದ ಕ್ಷಣವೇ ಬ್ಯಾಂಕಿಗೆ ತಿಳಿಸಬೇಕು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಗ್ರಾಹಕರೇ ಅಂಕೆ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ಆದ್ದರಿಂದ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಮೋಸಕ್ಕೆ ಬೇಕಾದದ್ದು ಎರಡೇ: ಅವಸರ ಮತ್ತು ಏಕಾಂತ. ಆ ತಾಯಿಗೆ ನಾನು ಕೊನೆಗೆ ಹೇಳಿದ್ದು ಇಷ್ಟೇ: ಇಂಥ ಇಮೇಲ್ ಬಂದರೆ ಒಬ್ಬರೇ ಕೂತು ನಿರ್ಧರಿಸಬೇಡಿ, ಸಂಘದ ವಾರದ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಹತ್ತು ಜನ ಕೇಳಿದ ಮೇಲೂ ನಿಲ್ಲುವ ಮಾತು ಸತ್ಯವಾಗಿದ್ದರೆ ನಾಳೆ ಶಾಖೆಯಲ್ಲೂ ನಿಲ್ಲುತ್ತದೆ. ಅಲ್ಲಿಯವರೆಗೆ ಕಾಯುವುದರಲ್ಲಿ ಯಾವ ಪಾಪವೂ ಇಲ್ಲ.